ಎಂಜಿನ್ನಿಗೂ ಒಂದು ನೀರೊಲೆ

ಮೈನಸ್ 20 ಡಿಗ್ರಿ ಚಳಿಯ ಬೆಳಗ್ಗೆ ಕೀಲಿ ತಿರುಗಿಸಿದರೆ ಟ್ರ್ಯಾಕ್ಟರ್ ಎರಡು ಸಲ ನರಳಿ ಸುಮ್ಮನಾಗುತ್ತದೆ. ಸೈಲೆನ್ಸರ್‌ನಿಂದ ಒಂದಿಷ್ಟು ಬಿಳಿ ಹೊಗೆ ಬರುತ್ತದೆ, ಅಷ್ಟೇ. ಆ ಹೊಗೆಯಲ್ಲೇ ಉತ್ತರ ಇದೆ. ಅದು ಉರಿಯದೆ ಹೊರಬಿದ್ದ ಡೀಸೆಲ್ಲಿನ ಸಣ್ಣ ಹನಿಗಳು. ಅಂದರೆ ಸಿಲಿಂಡರ್‌ಗೆ ಡೀಸೆಲ್ ಬಂದಿದೆ, ಗಾಳಿಯೂ ಬಂದಿದೆ. ಬಾರದೆ ಉಳಿದಿದ್ದು ಬಿಸಿ ಮಾತ್ರ.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇರುವುದಿಲ್ಲ. ಪಿಸ್ಟನ್ ಗಾಳಿಯನ್ನು ಗಟ್ಟಿಯಾಗಿ ಒತ್ತುತ್ತದೆ, ಒತ್ತಿದ ಗಾಳಿ ಕಾಯುತ್ತದೆ, ಆ ಕಾವಿಗೆ ಡೀಸೆಲ್ ಹೊತ್ತಿಕೊಳ್ಳುತ್ತದೆ. ಗಾಳಿಯನ್ನು 17ರಲ್ಲಿ ಒಂದು ಪಾಲಿಗೆ ಕುಗ್ಗಿಸುವ ಎಂಜಿನ್ ಇದೆ ಅಂದುಕೊಳ್ಳಿ. ಹೊರಗಿನ ಗಾಳಿ 30 ಡಿಗ್ರಿ ಇದ್ದರೆ ಒತ್ತಿದ ಮೇಲೆ ಸುಮಾರು 540 ಡಿಗ್ರಿ ಆಗುತ್ತದೆ. ಮೈನಸ್ 20 ಇದ್ದರೆ ಸುಮಾರು 410. ಹೊರಗೆ 50 ಡಿಗ್ರಿ ಇಳಿದರೆ ಒಳಗೆ ಇಳಿಯುವುದು 130!

ಡೀಸೆಲ್ ತಾನಾಗಿ ಹೊತ್ತಿಕೊಳ್ಳಲು 200 ಡಿಗ್ರಿಗಿಂತ ತುಸು ಜಾಸ್ತಿ ಇದ್ದರೆ ಆಯಿತು. ಹಾಗಾದರೆ 410 ಸಾಕಲ್ವಾ? ಲೆಕ್ಕದಲ್ಲಿ ಸಾಕು. ಆದರೆ ಸುತ್ತಲಿನ ಬೀಡುಕಬ್ಬಿಣ ಹಿಮದಷ್ಟು ತಣ್ಣಗಿದೆ, ಗಾಳಿಯ ಕಾವನ್ನು ಹುಟ್ಟುತ್ತಲೇ ಹೀರಿಕೊಳ್ಳುತ್ತದೆ. ಆಯಿಲ್ ಜೇನಿನಂತೆ ಮಂದವಾಗಿದೆ. ಬ್ಯಾಟರಿಯ ಕಸುವು ಹೆಚ್ಚುಕಮ್ಮಿ ಅರ್ಧಕ್ಕಿಳಿದಿದೆ. ಇವೆರಡೂ ಸೇರಿ ಪಿಸ್ಟನ್ ನಿಧಾನವಾಗುತ್ತದೆ. ಪಿಸ್ಟನ್ ನಿಧಾನವಾದಷ್ಟೂ ಕಾವು ಸೋರಿಹೋಗಲು ಸಮಯ ಜಾಸ್ತಿ ಸಿಗುತ್ತದೆ, ಪಿಸ್ಟನ್ ಸುತ್ತಲಿನ ರಿಂಗ್‌ಗಳ ಸಂದಿಯಿಂದ ಗಾಳಿಯೂ ನುಸುಳುತ್ತದೆ. ಹಾಗಾಗಿ ಬರೀ ದೊಡ್ಡ ಬ್ಯಾಟರಿ ಹಾಕಿದರೆ ಅರ್ಧ ಕೆಲಸವಷ್ಟೇ ಆದೀತು. ಕಬ್ಬಿಣವನ್ನೇ ಮೊದಲು ಬೆಚ್ಚಗೆ ಮಾಡಬೇಕು.

ಅಮೆರಿಕದ ನಾರ್ತ್ ಡಕೋಟಾದ ಆಂಡ್ರ್ಯೂ ಫ್ರೀಮನ್ ಮಾಡಿದ್ದು ಇದನ್ನೇ. ಎಂಜಿನ್ನಿನ ಮೇಲ್ಭಾಗವಾದ ಹೆಡ್ಡನ್ನು ಬಿಗಿದಿಡುವ ಬೋಲ್ಟ್ ಒಂದನ್ನು ತೆಗೆದು, ಅಲ್ಲಿ ಕರೆಂಟಿನಿಂದ ಕಾಯುವ ಬೋಲ್ಟ್ ಕೂರಿಸಿದರು. 1949ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಈಗ ಬೋಲ್ಟ್‌ಗಿಂತ, ಎಂಜಿನ್ ತಂಪಾಗಿಡುವ ದ್ರವವನ್ನು, ಅಂದರೆ ಕೂಲೆಂಟನ್ನು ಕಾಯಿಸುವುದೇ ರೂಢಿ. ಅದು ಹೇಗೂ ಪ್ರತಿ ಸಿಲಿಂಡರ್‌ನ ಸುತ್ತ ತುಂಬಿಕೊಂಡಿರುತ್ತದಲ್ಲ.

ಇದಕ್ಕೆ ಮೂರು ದಾರಿಗಳಿವೆ. ಒಂದು, ಬ್ಲಾಕಿನ (ಸಿಲಿಂಡರ್‌ಗಳಿರುವ ಕಬ್ಬಿಣದ ಒಡಲು) ಕೋರ್ ಪ್ಲಗ್, ಅಂದರೆ ಅದರ ತೂತಿಗೆ ಜಡಿದ ಲೋಹದ ಮುಚ್ಚಳ ಕಿತ್ತು ಆ ತೂತಿಗೆ ಹೀಟರ್ ಕೂರಿಸುವುದು. ಪ್ಲಗ್ಗಿನ ಒಂದು ಅಂಚಿಗೆ ಮೆಲ್ಲಗೆ ಹೊಡೆದರೆ ಅದು ಅಡ್ಡಕ್ಕೆ ತಿರುಗುತ್ತದೆ, ಇಕ್ಕಳದಲ್ಲಿ ಹಿಡಿದು ಎಳೆಯಬಹುದು. ತೂತಿನ ಅಂಚನ್ನು ಉಜ್ಜಿ ತುಕ್ಕು ತೆಗೆಯಬೇಕು, ಓ-ರಿಂಗ್‌ಗೆ ಕೂಲೆಂಟ್ ಸವರಬೇಕು. ಹೀಟರ್‌ನ ಕಾಯುವ ಕಾಯಿಲ್, ಬ್ಲಾಕಿನ ಒಳಗಿನ ಕಬ್ಬಿಣಕ್ಕೆ ತಾಗಲೇಬಾರದು. ಎರಡನೆಯದು ರೇಡಿಯೇಟರಿನ ಕೆಳಗಿನ ಪೈಪನ್ನು ಕತ್ತರಿಸಿ ನಡುವೆ ಸೇರಿಸುವ ಹೀಟರ್. ಸುಲಭವೇನೋ ಹೌದು, ನನಗೆ ಮಾತ್ರ ಅಷ್ಟಕ್ಕಷ್ಟೇ. ಬಿಸಿಯ ಒಂದು ಪಾಲು ರೇಡಿಯೇಟರ್ ಕಡೆಗೇ ಹೋಗಿಬಿಡಬಹುದು.

ಮೂರನೆಯದು ಎಂಜಿನ್ನಿನ ಹೊರಗೆ ಕೂರುವ, ಒಳಗೆ ಹೀಟರ್ ಇರುವ ಪುಟ್ಟ ಟ್ಯಾಂಕ್. ಬ್ಲಾಕಿನ ತಳದ ತೂತಿನಿಂದ ತಣ್ಣನೆ ಕೂಲೆಂಟ್ ಒಳಬರುತ್ತದೆ, ಬಿಸಿಯಾಗಿ ಮೇಲೆ ಹೆಡ್ಡಿನ ಹತ್ತಿರ ಎಂಜಿನ್ ಸೇರುತ್ತದೆ. ಈ ಬಗೆಯ ಸಾದಾ ಹೀಟರ್‌ನಲ್ಲಿ ಪಂಪ್ ಇರುವುದಿಲ್ಲ. ಬಿಸಿಯಾದದ್ದು ಹಗುರವಾಗಿ ತಾನೇ ಮೇಲೇರುತ್ತದೆ. ಎಷ್ಟೋ ಜನ ಎಡವುವುದು ಇಲ್ಲೇ. ಜಾಗ ಇದೆ ಅಂತ ಟ್ಯಾಂಕನ್ನು ಎತ್ತರದಲ್ಲಿ ಬಿಗಿಯುತ್ತಾರೆ, ಪೈಪ್ ಉದ್ದವಾಯಿತು ಅಂತ ಕಮಾನಿನ ಹಾಗೆ ಬಾಗಿಸುತ್ತಾರೆ. ಆ ಕಮಾನಿನ ನೆತ್ತಿಯಲ್ಲಿ ಗಾಳಿ ಕಟ್ಟಿಕೊಂಡರೆ ಹರಿವು ನಿಂತಿತು. ಟ್ಯಾಂಕ್ ಒಳಗೆ ಕುದಿಯುತ್ತಿರುತ್ತದೆ, ಎಂಜಿನ್ ತಣ್ಣಗೇ ಇರುತ್ತದೆ. ಟ್ಯಾಂಕ್ ಬ್ಲಾಕಿನ ತಳಕ್ಕಿಂತ ಕೆಳಗಿರಲಿ. ಅಲ್ಲಿಂದ ಹೊರಟ ಪೈಪ್ ಎಲ್ಲೂ ಇಳಿಯದೆ ಏರುತ್ತಲೇ ಹೋಗಲಿ. ಸಾವಿರ ವಾಟ್‌ನ ಹೀಟರ್ ತಪ್ಪಾಗಿ ಕೂತಿದ್ದರೆ, ಸರಿಯಾಗಿ ಕೂತ ಐನೂರು ವಾಟ್‌ನದೇ ವಾಸಿ.

ಕೂಲೆಂಟ್ ತುಂಬಿದ ಮೇಲೂ ಅವಸರ ಬೇಡ. ಮೊದಲು ಎಂಜಿನ್ ಓಡಿಸಿ ಗಾಳಿಯೆಲ್ಲ ಹೊರಹೋಗಲು ಬಿಡಿ, ಮಟ್ಟ ಇಳಿದಷ್ಟು ಮತ್ತೆ ತುಂಬಿ. ಒಣ ಹೀಟರ್‌ಗೆ ಕರೆಂಟ್ ಕೊಟ್ಟರೆ ಕಾಯಿಲ್ ನೋಡನೋಡುತ್ತಲೇ ಸುಟ್ಟುಹೋಗುತ್ತದೆ. ಕೂಲೆಂಟಿನಲ್ಲಿ ಆಂಟಿಫ್ರೀಜ್ (ಹೆಪ್ಪುಗಟ್ಟದಂತೆ ತಡೆಯುವ ದ್ರವ) ಮತ್ತು ನೀರು ಅರ್ಧರ್ಧ ಇರಲಿ. ಆಂಟಿಫ್ರೀಜ್ ಜಾಸ್ತಿ ಸುರಿದರೆ ಒಳ್ಳೆಯದು ಅನ್ನಿಸುತ್ತದೆ, ಆದರೆ ನೀರಿನಷ್ಟು ಚೆನ್ನಾಗಿ ಅದು ಶಾಖ ಸಾಗಿಸುವುದಿಲ್ಲ, ಕಾಯಿಲ್ ಬೇಗ ಹೋಗುತ್ತದೆ. ವೈರು ಫ್ಯಾನಿಗೂ ಸೈಲೆನ್ಸರ್ ಕೊಳವೆಗೂ ದೂರವಿರಲಿ. ಪ್ಲಗ್ ಅರ್ಥಿಂಗ್ ಇರುವ ಮೂರು ಪಿನ್ನಿನದೇ ಆಗಬೇಕು.

ಕರೆಂಟ್ ಕೊಟ್ಟು ಹದಿನೈದು ನಿಮಿಷ ಬಿಟ್ಟು, ಟ್ಯಾಂಕಿನಿಂದ ಎಂಜಿನ್‌ಗೆ ಹೋಗುವ ಪೈಪ್ ಮುಟ್ಟಿ ನೋಡಿ. ಉದ್ದಕ್ಕೂ ಬೆಚ್ಚಗಿದ್ದರೆ ಕೂಲೆಂಟ್ ಹರಿಯುತ್ತಿದೆ. ಟ್ಯಾಂಕಿನ ಹತ್ತಿರ ಕೈ ಸುಟ್ಟು, ಗೇಣುದ್ದ ಮುಂದೆ ತಣ್ಣಗಿದ್ದರೆ ಗಾಳಿ ಕಟ್ಟಿದೆ.

ಎಷ್ಟು ಹೊತ್ತು ಕಾಯಿಸಬೇಕು? ಎಂಜಿನ್ 300 ಕಿಲೋ ಕಬ್ಬಿಣ, ಒಳಗೆ 12 ಲೀಟರ್ ಕೂಲೆಂಟ್ ಇದ್ದರೆ 1000 ವಾಟ್ ಹೀಟರ್ ಗಂಟೆಗೆ ಹೆಚ್ಚೆಂದರೆ 20 ಡಿಗ್ರಿ ಏರಿಸೀತು. ಗಾಳಿಗೆ ಸೋರುವುದನ್ನು ಕಳೆದರೂ ಎರಡು ಮೂರು ಗಂಟೆ ಸಾಕು. ರಾತ್ರಿಯಿಡೀ ಉರಿಸಿದರೆ ಬರೀ ಕರೆಂಟ್ ದಂಡ. ಒಂದು ಟೈಮರ್ ಹಾಕಿದರೆ ಆಯಿತು.

ಇಷ್ಟೆಲ್ಲ ಮಾಡಿಯೂ ಕೆಲವೊಮ್ಮೆ ಎಂಜಿನ್ ಹತ್ತುವುದಿಲ್ಲ. ಬಿಳಿ ಹೊಗೆಯೂ ಕಾಣದಿದ್ದರೆ ಫಿಲ್ಟರ್ ನೋಡಿ. ಚಳಿಗೆ ಡೀಸೆಲ್ಲಿನ ಮೇಣ ಹೆಪ್ಪುಗಟ್ಟಿ ದಾರಿ ಕಟ್ಟಿರಬಹುದು. ಅದಕ್ಕೆ ಕೂಲೆಂಟ್ ಹೀಟರ್ ಏನೂ ಮಾಡಲಾರದು, ಚಳಿಗಾಲದ ಡೀಸೆಲ್ಲೇ ಬೇಕು.

ಹಾಂ, ಎಂಜಿನ್ ಹತ್ತಿದ ಖುಷಿಯಲ್ಲಿ ವೈರನ್ನು ಗೋಡೆಯಿಂದ ಕಿತ್ತುಕೊಂಡೇ ಹೊರಟವರೂ ಇದ್ದಾರೆ. ರಾತ್ರಿ ಪ್ಲಗ್ ಹಾಕುವಾಗಲೇ ವೈರಿನ ನಡುಭಾಗವನ್ನು ಸ್ಟಿಯರಿಂಗ್‌ಗೆ ಒಂದು ಸುತ್ತು ಸುತ್ತಿಡಿ. ಸೀಟಿನ ಮೇಲೆ ಕೂತ ಕೂಡಲೇ ಕೈಗೆ ತಗಲುತ್ತದೆ.