ಅಪ್‌ಗ್ರೇಡ್ ನಡುವೆ ಕರೆಂಟ್ ಹೋದರೆ

"ಅರ್ಧದಲ್ಲಿ ಕರೆಂಟ್ ಹೋದರೆ ಏನು ಗತಿ?" ವಿರಾಜಪೇಟೆಯ ಬಳಿ ಸಣ್ಣದೊಂದು ಕಾಫಿ ತೋಟ ನೋಡಿಕೊಂಡಿರುವ ನಿವೃತ್ತ ಮೇಷ್ಟ್ರೊಬ್ಬರು ಹೀಗೆ ಕೇಳಿ, ಉತ್ತರಕ್ಕೂ ಕಾಯದೆ, ವಿಂಡೋಸ್ 11 ಉಚಿತವಾಗಿ ಸಿಗುತ್ತದೆಂದು ಪರದೆಯ ಮೇಲೆ ಮೂಡಿದ್ದ ಸೂಚನೆಯನ್ನು ಮತ್ತೊಮ್ಮೆ ಮುಚ್ಚಿದರು. ಅವರ ಕಂಪ್ಯೂಟರಿನಲ್ಲಿ ಹದಿನೈದು ವರ್ಷಗಳ ತೋಟದ ಲೆಕ್ಕವಿದೆ, ಐನ್‌ಮನೆಯಲ್ಲಿ ಕುಟುಂಬದವರೆಲ್ಲ ಸೇರಿದಾಗ ತೆಗೆದ ಚಿತ್ರಗಳಿವೆ, ಮಗಳ ಮದುವೆಯ ವಿಡಿಯೋ ಇದೆ. ಕಕ್ಕಡ ತಿಂಗಳ ಗಾಳಿಮಳೆಗೆ ಸಿಲ್ವರ್ ಓಕ್ ಮರದ ಕೊಂಬೆಯೊಂದು ತಂತಿಯ ಮೇಲೆ ಬಿದ್ದರೆ ಎರಡು ಮೂರು ದಿನ ಕತ್ತಲೆಯಲ್ಲಿರುವುದು ಕೊಡಗಿನ ಊರುಗಳಿಗೆ ಹೊಸದಲ್ಲ. ಹಾಗಾಗಿ ಅವರ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅವರು ಹೆದರಬೇಕಾದದ್ದಕ್ಕೆ ಹೆದರದೆ, ಹೆದರಬೇಕಿಲ್ಲದ್ದಕ್ಕೆ ಹೆದರುತ್ತಿದ್ದಾರೆ ಎಂಬುದು ನನ್ನ ಖಚಿತ ಅಭಿಪ್ರಾಯ. ನಡುವೆ ಕರೆಂಟ್ ಹೋಗಬಹುದೆಂದು ಮೊದಲೇ ಎಣಿಸಿ ಅಪ್‌ಗ್ರೇಡ್ ಕ್ರಮವನ್ನು ರೂಪಿಸಲಾಗಿದೆ. ಹೋದರೆ ಮರಳಿ ಬಾರದ ಸಂಗತಿಗಳು ಬೇರೆಯೇ ಇವೆ.

ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 2015ರ ಜುಲೈ 29ರಂದು ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆ ದಿನದಿಂದ ಯಾವ ಕಂಪ್ಯೂಟರೂ ಕೆಟ್ಟು ನಿಲ್ಲಲಿಲ್ಲ. ಹೊಸದಾಗಿ ಪತ್ತೆಯಾಗುವ ಭದ್ರತಾ ಲೋಪಗಳಿಗೆ ತೇಪೆ ಹಾಕುವುದು ಮಾತ್ರ ನಿಂತಿತು. ಮನೆಬಳಕೆದಾರರು ಹೆಸರು ನೋಂದಾಯಿಸಿಕೊಂಡು ಇನ್ನೊಂದು ವರ್ಷದ ಮಟ್ಟಿಗೆ ಭದ್ರತಾ ತೇಪೆಗಳನ್ನು ಪಡೆಯುವ ಏರ್ಪಾಡನ್ನೂ ಮಾಡಲಾಯಿತು. ವಿಂಡೋಸ್ 11ಕ್ಕೆ ಹೋಗಲು ಹಣ ಕೊಡಬೇಕಿಲ್ಲ, ಆದರೆ ಯಂತ್ರಕ್ಕೆ ಅರ್ಹತೆ ಇರಬೇಕು: 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ, ಸೆಕ್ಯೂರ್ ಬೂಟ್ (ನಂಬಲರ್ಹ ತಂತ್ರಾಂಶದಿಂದ ಮಾತ್ರ ಯಂತ್ರ ಏಳಲು ಬಿಡುವ ಕಾವಲು) ಮಾಡಬಲ್ಲ ಯುಇಎಫ್‌ಐ ಫರ್ಮ್‌ವೇರ್ (ಯಂತ್ರವನ್ನು ಮೊದಲು ಎಬ್ಬಿಸುವ ತಂತ್ರಾಂಶ), ಟಿಪಿಎಂ 2.0 (ಗುಪ್ತ ಕೀಲಿಗಳನ್ನು ಕಾಯುವ ಭದ್ರತಾ ಘಟಕ), ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೆಯ ತಲೆಮಾರಿನ ಅಥವಾ ಅದರ ನಂತರದ ಪ್ರೊಸೆಸರ್. ಪಿಸಿ ಹೆಲ್ತ್ ಚೆಕ್ ಎಂಬ ಮೈಕ್ರೋಸಾಫ್ಟಿನದೇ ಸಣ್ಣ ತಂತ್ರಾಂಶ ಇಷ್ಟನ್ನೂ ತಾನೇ ನೋಡಿ ಹೇಳುತ್ತದೆ.

ಇನ್ನು ಭಯದ ವಿಚಾರ. ಅದು ಒಂದು ಕಾಲದಲ್ಲಿ ಪೂರ್ತಿ ನಿಜವಾಗಿತ್ತು. ವಿಂಡೋಸ್ 98 ಬಳಸಿದವರಿಗೆ, ಕರೆಂಟ್ ಹೋಗಿ ಬಂದ ಮೇಲೆ ನೀಲಿ ಪರದೆಯ ಮೇಲೆ ನಿಧಾನವಾಗಿ ತೆವಳುತ್ತಿದ್ದ, ಡಿಸ್ಕನ್ನು ಪರೀಕ್ಷಿಸುವ ಸ್ಕ್ಯಾನ್‌ಡಿಸ್ಕ್ ನೆನಪಿರಬೇಕು. ಆಗಿನ ಡಿಸ್ಕುಗಳು ಫ್ಯಾಟ್ ಎಂಬ ಕಡತ ವ್ಯವಸ್ಥೆಯಲ್ಲಿದ್ದವು. ಅದರಲ್ಲಿ ಒಂದು ಫೈಲ್ ಉಳಿಸಬೇಕೆಂದರೆ ಮೂರು ಕಡೆ ಬರೆಯಬೇಕು: ಫೈಲಿನ ಒಳಗಿರುವುದನ್ನು ಡಿಸ್ಕಿನ ಖಾಲಿ ಜಾಗದಲ್ಲಿ, ಯಾವ ತುಂಡಿನ ನಂತರ ಯಾವ ತುಂಡು ಎಂಬುದನ್ನು ಒಂದು ಕೋಷ್ಟಕದಲ್ಲಿ, ಫೈಲಿನ ಹೆಸರು ಮತ್ತು ಗಾತ್ರವನ್ನು ಫೋಲ್ಡರಿನ ಪಟ್ಟಿಯಲ್ಲಿ. ಮೊದಲ ಎರಡು ಮುಗಿದು ಮೂರನೆಯದಕ್ಕೆ ಮುನ್ನ ಕರೆಂಟ್ ಹೋದರೆ ಫೈಲು ಡಿಸ್ಕಿನಲ್ಲಿ ಇದ್ದೂ ಅದಕ್ಕೆ ಹೆಸರಿಲ್ಲ. ಸ್ಕ್ಯಾನ್‌ಡಿಸ್ಕ್ ಅಂಥ ಅನಾಥ ತುಂಡುಗಳನ್ನು ಹುಡುಕಿ, ಸಿಎಚ್‌ಕೆ ಎಂಬ ಬಾಲವಿರುವ ಅರ್ಥವಿಲ್ಲದ ಹೆಸರುಗಳನ್ನಿಟ್ಟು ಒಂದೆಡೆ ರಾಶಿ ಹಾಕುತ್ತಿತ್ತು. ಆ ರಾಶಿಯಲ್ಲಿ ತಮ್ಮ ಕಾಗದಪತ್ರ ಹುಡುಕಿ ಸೋತವರು ಇಂದಿಗೂ ಕರೆಂಟ್ ಎಂದರೆ ಬೆಚ್ಚುವುದು ಸಹಜ. ಆದರೆ 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗ ಎನ್‌ಟಿಎಫ್‌ಎಸ್ ಎಂಬ ಬೇರೆಯೇ ವ್ಯವಸ್ಥೆ ಮನೆಯ ಕಂಪ್ಯೂಟರುಗಳೊಳಗೆ ಕಾಲಿಟ್ಟಿತು, ಮತ್ತು ಆ ಬದಲಾವಣೆಯ ಅರಿವು ಜನರಿಗೆ ಇನ್ನೂ ತಲುಪಿದಂತಿಲ್ಲ.

ಎನ್‌ಟಿಎಫ್‌ಎಸ್ ಹುಟ್ಟಿದ್ದು 1993ರ ವಿಂಡೋಸ್ ಎನ್‌ಟಿ 3.1ರ ಜೊತೆಗೆ. ಅದರ ಒಳಗಿರುವ ಉಪಾಯ ಅದಕ್ಕಿಂತ ಹಳೆಯದು. 1970ರ ದಶಕದಲ್ಲಿ ಐಬಿಎಂ ಸಂಸ್ಥೆಯಲ್ಲಿದ್ದ ಜಿಮ್ ಗ್ರೇ ಮತ್ತು ಅವರ ಸಂಗಡಿಗರು ದೊಡ್ಡ ದತ್ತಸಂಚಯಗಳ ಬಗ್ಗೆ ಕೆಲಸ ಮಾಡುತ್ತಿದ್ದಾಗ, ಬ್ಯಾಂಕಿನ ಒಂದು ಖಾತೆಯಿಂದ ಹಣ ತೆಗೆದು ಇನ್ನೊಂದಕ್ಕೆ ಹಾಕುವ ನಡುವೆ ಯಂತ್ರ ನಿಂತುಹೋದರೆ ಆ ಹಣ ಎಲ್ಲಿದೆ ಎಂಬ ಪ್ರಶ್ನೆಯನ್ನು ಎದುರಿಸಿದರು. ಕೆಲಸವನ್ನು ಮಾಡುವ ಮೊದಲು, ಏನು ಮಾಡಲಿದ್ದೇವೆ ಎಂಬುದನ್ನು ಬೇರೊಂದು ದಿನಚರಿಯಲ್ಲಿ ಬರೆದಿಡಬೇಕು ಎಂಬುದು ಆ ಕಾಲದ ಸಂಶೋಧನೆಯಲ್ಲಿ ಗಟ್ಟಿಯಾದ ಉತ್ತರ. ಗ್ರೇ ಅವರಿಗೆ ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ 1998ರಲ್ಲಿ ದೊರೆತದ್ದು ಇಂಥ ಕೆಲಸಕ್ಕಾಗಿಯೇ. ಇಂದು ನಾವು ಮೊಬೈಲಿನಲ್ಲಿ ಹಣ ಕಳಿಸಿ ನಿಶ್ಚಿಂತೆಯಿಂದ ಇರುವುದಕ್ಕೂ, ಕರೆಂಟ್ ಹೋದರೂ ಕಂಪ್ಯೂಟರ್ ಮತ್ತೆ ಏಳುವುದಕ್ಕೂ ತಳಹದಿ ಒಂದೇ ಎಂಬುದು ನನಗೆ ಪ್ರತಿ ಬಾರಿಯೂ ಸಂತೋಷ ಕೊಡುವ ಸಂಗತಿ.

ಕಾಫಿ ಕುಯ್ಲಿನ ದಿನಗಳಲ್ಲಿ ನಮ್ಮ ತೋಟಗಳಲ್ಲಿ ನಡೆಯುವುದನ್ನೇ ನೋಡಿ. ಸಂಜೆ ಕೆಲಸಗಾರರು ತಂದ ಹಣ್ಣಿನ ಚೀಲಗಳನ್ನು ತೂಗುವ ಜಾಗದಲ್ಲಿ ರೈಟರ್ ನಿಂತು ಒಂದು ಚಿಕ್ಕ ಪುಸ್ತಕದಲ್ಲಿ ಯಾರದು ಎಷ್ಟು ಕಿಲೋ ಎಂದು ಗುರುತು ಹಾಕಿಕೊಳ್ಳುತ್ತಾರೆ. ರಾತ್ರಿ ಅದನ್ನು ದೊಡ್ಡ ಲೆಕ್ಕದ ಪುಸ್ತಕಕ್ಕೆ ಏರಿಸುತ್ತಾರೆ. ಏರಿಸುವಾಗ ದೀಪ ಆರಿತು ಎನ್ನೋಣ. ಬೆಳಿಗ್ಗೆ ಅವರು ಚಿಕ್ಕ ಪುಸ್ತಕವನ್ನೂ ದೊಡ್ಡ ಪುಸ್ತಕವನ್ನೂ ಎದುರುಬದುರು ಇಟ್ಟು, ಯಾವ ಸಾಲಿನವರೆಗೆ ಬರೆದಾಗಿದೆ ಎಂದು ನೋಡಿ, ಅಲ್ಲಿಂದ ಮುಂದುವರಿಸುತ್ತಾರೆ. ಚಿಕ್ಕ ಪುಸ್ತಕದಲ್ಲೇ ಒಂದು ಸಾಲು ಅರ್ಧಕ್ಕೆ ನಿಂತಿದ್ದರೆ ಆ ತೂಕ ನಡೆದೇ ಇಲ್ಲವೆಂದು ಹೊಡೆದುಹಾಕಿ ಮತ್ತೆ ತೂಗುತ್ತಾರೆ. ಎರಡರಲ್ಲಿ ಯಾವುದಾದರೂ ಸರಿ, ಲೆಕ್ಕ ಮಾತ್ರ ಅಡ್ಡಾದಿಡ್ಡಿಯಾಗುವುದಿಲ್ಲ. ಎನ್‌ಟಿಎಫ್‌ಎಸ್‌ನ ಲಾಗ್ ಫೈಲ್ ಆ ಚಿಕ್ಕ ಪುಸ್ತಕ. ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಬೇಕು: ಆ ಲಾಗ್ ಕಾಯುವುದು ಫೈಲುಗಳ ಹೆಸರು, ಸ್ಥಾನ, ಗಾತ್ರಗಳ ವ್ಯವಸ್ಥೆಯನ್ನೇ ಹೊರತು ಫೈಲಿನ ಒಳಗಿನ ಅಕ್ಷರಗಳನ್ನಲ್ಲ. ನೀವು ಬರೆಯುತ್ತಿದ್ದ ಪತ್ರದ ಕೊನೆಯ ಪುಟ ಹೋಗಬಹುದು, ಪತ್ರಗಳನ್ನಿಟ್ಟ ಕಪಾಟು ಕುಸಿಯುವುದಿಲ್ಲ.

ಅಪ್‌ಗ್ರೇಡ್ ಈ ಅಡಿಪಾಯದ ಮೇಲೆ ಇನ್ನೊಂದು ಜಾಣತನವನ್ನು ಸೇರಿಸುತ್ತದೆ. ಹೊಸ ವಿಂಡೋಸ್ ಹಳೆಯದರ ಮೇಲೆ ಗೀಚಿಕೊಂಡು ಹೋಗುತ್ತದೆ ಎಂಬ ಕಲ್ಪನೆಯೇ ತಪ್ಪು. ಹಳೆಯ ಮನೆಯಲ್ಲಿ ಒಲೆ ಉರಿಯುತ್ತಿರುವಾಗಲೇ ಪಕ್ಕದಲ್ಲಿ ಹೊಸ ಮನೆಯ ಗೋಡೆ ಏರುತ್ತದಲ್ಲ, ಹಾಗೆ ಹೊಸ ವಿಂಡೋಸ್ ಅದೇ ಡಿಸ್ಕಿನಲ್ಲಿ ಬೇರೊಂದು ಗುಪ್ತ ಫೋಲ್ಡರಿನೊಳಗೆ ಕಟ್ಟಲ್ಪಡುತ್ತದೆ. ಡೌನ್‌ಲೋಡ್, ಪರಿಶೀಲನೆ ಮೊದಲಾದ ತಯಾರಿ ನಡೆಯುವಾಗ ಹಳೆಯದು ಎಂದಿನಂತೆ ಕೆಲಸ ಮಾಡುತ್ತಲೇ ಇರುತ್ತದೆ. ಆ ಹಂತದಲ್ಲಿ ಹತ್ತು ಬಾರಿ ಕರೆಂಟ್ ಹೋದರೂ ಕಳೆದುಕೊಳ್ಳುವುದು ಸಮಯ ಮಾತ್ರ. ಬಳಿಕ ಯಂತ್ರ ಮರುಪ್ರಾರಂಭವಾಗಿ, ಒಂದು ಪುಟ್ಟ ತುರ್ತು ವ್ಯವಸ್ಥೆಯ ಆಸರೆಯಲ್ಲಿ ಹೊಸದನ್ನು ಬಿಚ್ಚಿ ಜೋಡಿಸಿ, ಹಳೆಯ ವಿಂಡೋಸನ್ನು ವಿಂಡೋಸ್ ಡಾಟ್ ಓಲ್ಡ್ ಎಂಬ ಫೋಲ್ಡರಿಗೆ ಸರಿಸಿ, ಹೊಸದನ್ನು ಅದರ ಜಾಗಕ್ಕೆ ತರುತ್ತದೆ. ಹತ್ತಿಪ್ಪತ್ತು ಜಿಬಿಯಷ್ಟು ಸರಕನ್ನು ಸರಿಸುವುದೆಂದರೆ ಗಂಟೆಗಟ್ಟಲೆ ಆಗಬೇಕಲ್ಲವೇ? ಆಗುವುದಿಲ್ಲ, ಏಕೆಂದರೆ ಒಂದೇ ಡ್ರೈವಿನೊಳಗೆ ಫೋಲ್ಡರನ್ನು ಸರಿಸುವಾಗ ಸರಕು ಅಲುಗುವುದೇ ಇಲ್ಲ. ಪಹಣಿಯಲ್ಲಿ ಹೆಸರು ಬದಲಾದರೆ ಒಂದು ಕಾಫಿ ಗಿಡವನ್ನಾದರೂ ಕಿತ್ತು ನೆಡಬೇಕೇ? ತೋಟ ಇದ್ದಲ್ಲೇ ಇರುತ್ತದೆ, ದಾಖಲೆಯ ಒಂದು ಸಾಲು ಬದಲಾಗುತ್ತದೆ. ಹಾಗೆಯೇ ಇಲ್ಲಿಯೂ ಕೆಲವೇ ಸಾಲುಗಳ ತಿದ್ದುಪಡಿ, ಆ ತಿದ್ದುಪಡಿಗೂ ರೈಟರ್ ಅವರ ಚಿಕ್ಕ ಪುಸ್ತಕದ ಕಾವಲು. ಈ ನಡುವೆ ಕರೆಂಟ್ ಹೋದರೆ, ಬಂದ ಮೇಲೆ ಕೆಲಸ ಮುಂದುವರಿಯಬೇಕು ಇಲ್ಲವೇ ಯಂತ್ರ ಹಳೆಯ ವಿಂಡೋಸಿಗೆ ಮರಳಬೇಕು ಎಂಬುದೇ ಇದರ ವಿನ್ಯಾಸ. ಹಳೆಯದೂ ಹೊಸದೂ ಅಕ್ಕಪಕ್ಕದಲ್ಲಿರಬೇಕಾದ್ದರಿಂದಲೇ ಸಿ ಡ್ರೈವಿನಲ್ಲಿ ಜಾಗ ಬೇಕು. 30 ಜಿಬಿಯಾದರೂ ಖಾಲಿ ಇಟ್ಟುಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಹಾಗಾದರೆ ಹೆದರಬೇಕಾದದ್ದು ಯಾವುದಕ್ಕೆ? ಮೊದಲನೆಯದಾಗಿ, ಬಯೋಸ್ ಅಥವಾ ಫರ್ಮ್‌ವೇರ್ ನವೀಕರಣಕ್ಕೆ. ಇದು ಡಿಸ್ಕಿನಲ್ಲಿ ನಡೆಯುವ ಕೆಲಸವಲ್ಲ, ಮದರ್‌ಬೋರ್ಡಿನ ಮೇಲಿನ ಒಂದು ಚಿಪ್ಪನ್ನು ಅಳಿಸಿ ಅದೇ ಜಾಗದಲ್ಲಿ ಮತ್ತೆ ಬರೆಯುವ ಕೆಲಸ. ಎರಡನೆಯ ಪ್ರತಿ ಇಟ್ಟುಕೊಳ್ಳದ ಬೋರ್ಡುಗಳಲ್ಲಿ ಅರ್ಧಕ್ಕೆ ಕರೆಂಟ್ ಹೋದರೆ ಯಂತ್ರ ಏಳುವುದೇ ಇಲ್ಲ. ವಿಂಡೋಸ್ ಅಪ್‌ಗ್ರೇಡಿಗೆ ಜನ ಅಂಟಿಸಿರುವ ಭಯವೆಲ್ಲ ನ್ಯಾಯವಾಗಿ ಸಲ್ಲಬೇಕಾದದ್ದು ಇದಕ್ಕೆ. ಟಿಪಿಎಂ ಮತ್ತು ಸೆಕ್ಯೂರ್ ಬೂಟ್ ಚಾಲೂ ಮಾಡಲು ಸಾಮಾನ್ಯವಾಗಿ ಫರ್ಮ್‌ವೇರ್ ಬದಲಿಸಬೇಕಿಲ್ಲ, ಅದರ ಸೆಟ್ಟಿಂಗ್ ಬದಲಿಸಿದರೆ ಸಾಕು. ಇಂಟೆಲ್ ಯಂತ್ರಗಳಲ್ಲಿ ಪಿಟಿಟಿ, ಎಎಂಡಿ ಯಂತ್ರಗಳಲ್ಲಿ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿ ಟಿಪಿಎಂ ಅಡಗಿರುತ್ತದೆ. ನವೀಕರಣ ಅನಿವಾರ್ಯವಾದರೆ ಬ್ಯಾಟರಿ ತುಂಬಿರುವ ಯುಪಿಎಸ್ ಇಲ್ಲದೆ ಕೈ ಹಾಕಬೇಡಿ.

ಎರಡನೆಯದು ಬೀಗದ ಕೈ. ಹಲವು ಲ್ಯಾಪ್‌ಟಾಪುಗಳಲ್ಲಿ, ಮಾಲೀಕರಿಗೆ ಗೊತ್ತಿಲ್ಲದೆಯೇ, ಡಿಸ್ಕ್ ಗೂಢಲಿಪಿಯಲ್ಲಿರುತ್ತದೆ. ಅದರ ಕೀಲಿಯನ್ನು ಟಿಪಿಎಂ ಕಾಯುತ್ತದೆ, ಯಂತ್ರ ಎದ್ದುಬರುವ ಕ್ರಮ ಎಂದಿನಂತೆಯೇ ಇದ್ದರೆ ಮಾತ್ರ ಬಿಟ್ಟುಕೊಡುತ್ತದೆ. ಬಯೋಸ್ ಸೆಟ್ಟಿಂಗ್ ಬದಲಾದೊಡನೆ ಅದು ಅನುಮಾನಪಟ್ಟು 48 ಅಂಕಿಗಳ ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಮರುಪಡೆಯುವ ಕೀಲಿಯನ್ನು ಕೇಳಬಹುದು. ಆ ಅಂಕಿಗಳು ಎಲ್ಲೂ ಇಲ್ಲದಿದ್ದರೆ ಡಿಸ್ಕಿನಲ್ಲಿರುವುದನ್ನು ಯಾವ ಅಂಗಡಿಯವರೂ ತೆಗೆದುಕೊಡಲಾರರು. ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಇದೆಯೇ ಎಂದು ಮೊದಲೇ ನೋಡಿ, ಕಾಗದದ ಮೇಲೆ ಬರೆದು, ತೋಟದ ದಾಖಲೆಗಳ ಜೊತೆ ಇಡಿ.

ಮೂರನೆಯದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ತಪ್ಪು ತಿಳಿವಳಿಕೆ. "ಎಲ್ಲವನ್ನೂ ಡಿ ಡ್ರೈವಿಗೆ ಹಾಕಿದ್ದೇನೆ, ಸೇಫ್" ಎನ್ನುವವರು ಮಡಿಕೇರಿಯಿಂದ ಪೊನ್ನಂಪೇಟೆಯವರೆಗೆ ಸಿಗುತ್ತಾರೆ. ಬಹುಪಾಲು ಮನೆಯ ಕಂಪ್ಯೂಟರುಗಳಲ್ಲಿ ಸಿ ಮತ್ತು ಡಿ ಎಂಬುವು ಒಂದೇ ಡಿಸ್ಕಿನ ಎರಡು ಪಾಲುಗಳು. ಒಂದೇ ಗದ್ದೆಯ ನಡುವೆ ಬದು ಹಾಕಿದ ಮಾತ್ರಕ್ಕೆ ನೆರೆ ಬಂದಾಗ ಒಂದು ಪಾಲು ಉಳಿಯುವುದಿಲ್ಲ. ಹೊರಗಿನ ಡಿಸ್ಕಿಗೆ ನಕಲು ಮಾಡಿ, ಕೆಲವು ಫೈಲುಗಳನ್ನು ತೆರೆದು ನೋಡಿ, ಬಳಿಕ ಆ ಡಿಸ್ಕಿನ ತಂತಿ ಕಳಚಿ ತೆಗೆದಿಡಿ. ನಮ್ಮ ಮಳೆಗಾಲದ ತೇವಕ್ಕೆ ಕಪಾಟಿನ ಪುಸ್ತಕಗಳಿಗೇ ಬೂಷ್ಟು ಹಿಡಿಯುತ್ತದೆ. ಡಿಸ್ಕನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಡನೆ ಇಡುವುದು ಒಳ್ಳೆಯದು. 2018ರ ಆಗಸ್ಟಿನಲ್ಲಿ ಮಕ್ಕಂದೂರಿನ ಸುತ್ತಮುತ್ತ ಗುಡ್ಡಗಳು ಜಾರಿದಾಗ ಮನೆಗಳೇ ಹೋದವು. ಅದನ್ನು ಕಂಡವರಿಗೆ, ಇನ್ನೊಂದು ಪ್ರತಿ ಬೇರೆ ಊರಿನ ನೆಂಟರ ಮನೆಯಲ್ಲೋ ಅಂತರಜಾಲದ ಸಂಗ್ರಹದಲ್ಲೋ ಇರಬೇಕು ಎಂದು ವಿವರಿಸಿ ಹೇಳಬೇಕಾಗಿಲ್ಲ.

ಮನೆಯ ಇನ್ವರ್ಟರಿನ ಬಗ್ಗೆಯೂ ಒಂದು ಮಾತು. ಅದು ಕರೆಂಟ್ ಹೋದಾಗ ಬ್ಯಾಟರಿಗೆ ಹೊರಳಲು ಒಂದು ಕ್ಷಣ ತೆಗೆದುಕೊಳ್ಳುತ್ತದೆ. ದೀಪ ಮಿಣುಕಿದ್ದು ನಮಗೆ ಲೆಕ್ಕಕ್ಕಿಲ್ಲ, ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಅಷ್ಟೇ ಸಾಕು, ಆರಿಹೋಗುತ್ತದೆ. ಅನೇಕ ಇನ್ವರ್ಟರುಗಳ ಹಿಂಬದಿಯಲ್ಲಿ ಯುಪಿಎಸ್ ಮೋಡ್ ಎಂಬ ಸ್ವಿಚ್ ಇರುತ್ತದೆ, ಅದನ್ನು ಹಾಕಿದರೆ ಹೊರಳುವಿಕೆ ಚುರುಕಾಗುತ್ತದೆ. ಶುಭ ಕಾರ್ಯಕ್ಕೆ ರಾಹುಕಾಲ ತಪ್ಪಿಸುವಂತೆ ಅಪ್‌ಗ್ರೇಡಿಗೂ ಗಳಿಗೆ ನೋಡುವ ಹಿರಿಯರನ್ನು ಕಂಡಿದ್ದೇನೆ. ಅವರಲ್ಲಿ ನನ್ನ ವಿನಂತಿ ಇಷ್ಟೇ, ಪಂಚಾಂಗಕ್ಕಿಂತ ಆಕಾಶ ನೋಡಿ: ಏಪ್ರಿಲ್ ಮೇ ತಿಂಗಳ ಸಂಜೆಯ ಗುಡುಗನ್ನೂ ಕಕ್ಕಡದ ಗಾಳಿಯನ್ನೂ ಬಿಟ್ಟು, ಡಿಸೆಂಬರಿನ ಒಣ ಬೆಳಗಿನಲ್ಲಿ ಆರಂಭಿಸಿದರೆ ಸಂಜೆಯೊಳಗೆ ನಿರಾಳವಾಗಿ ಮುಗಿಯುತ್ತದೆ.

ಕನ್ನಡಿಗರಿಗೆಂದೇ ಇರುವ ಒಂದು ತೊಡಕನ್ನು ಹೊರಗಿನವರು ಬರೆಯುವುದಿಲ್ಲ. ಎಲ್ಲ ಭಾಷೆಗಳ ಅಕ್ಷರಗಳಿಗೂ ತಮ್ಮದೇ ಸಂಕೇತ ಕೊಡುವ ಯೂನಿಕೋಡಿಗೆ ಮುನ್ನಿನ ನುಡಿ ಅಥವಾ ಬರಹ ಫಾಂಟುಗಳಲ್ಲಿ ಟೈಪಿಸಿದ ಹಳೆಯ ಕಡತಗಳ ಒಳಗೆ ನಿಜವಾಗಿ ಇರುವುದು ರೋಮನ್ ಅಕ್ಷರಗಳ ಸಂಕೇತಗಳು. ಕನ್ನಡದ ರೂಪ ಕೊಡುವುದು ಫಾಂಟ್ ಮಾತ್ರ. ಸಾಮಾನ್ಯ ಅಪ್‌ಗ್ರೇಡಿನಲ್ಲಿ ಫಾಂಟುಗಳು ಉಳಿಯುತ್ತವೆ. ಆದರೆ ಯಾರೋ ಅಂಗಡಿಯವರು "ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕೋಣ" ಎಂದರೆ, ಸಂಘದ ಹತ್ತು ವರ್ಷಗಳ ನಡಾವಳಿ ಒಂದೇ ದಿನದಲ್ಲಿ ಓದಲಾಗದ ಕಲಸುಮೇಲೋಗರವಾಗಿ ಕಾಣುತ್ತದೆ. ಆ ಫಾಂಟ್ ಫೈಲುಗಳನ್ನೂ ನಕಲಿನಲ್ಲಿ ಸೇರಿಸಿ.

ಅರ್ಹತೆ ಇಲ್ಲದ ಹಳೆಯ ಯಂತ್ರಗಳನ್ನು ಗುಜರಿಗೆ ಹಾಕಬೇಕಾಗಿಲ್ಲ. ಉಬುಂಟು, ಲಿನಕ್ಸ್ ಮಿಂಟ್‌ನಂಥ ಉಚಿತ ವ್ಯವಸ್ಥೆಗಳು ಅವುಗಳಲ್ಲಿ ಚೆನ್ನಾಗಿ ಓಡುತ್ತವೆ, ಪೆನ್‌ಡ್ರೈವಿನಿಂದಲೇ ನಡೆಸಿ ನೋಡಿ ಆಮೇಲೆ ತೀರ್ಮಾನಿಸಬಹುದು.

ಮೇಷ್ಟ್ರ ಕಂಪ್ಯೂಟರಿನಲ್ಲಿ ಈಗ ವಿಂಡೋಸ್ 11 ಇದೆ. ಹಳೆಯ ವಿಂಡೋಸನ್ನು ಯಂತ್ರ ಸಾಮಾನ್ಯವಾಗಿ 10 ದಿನ ಉಳಿಸಿಕೊಂಡಿರುತ್ತದೆ, ಅಷ್ಟರಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಹಿಂದಕ್ಕೆ ಮರಳಬಹುದು. ಆ ಹತ್ತು ದಿನಗಳಲ್ಲಿ ಅವರು ಪ್ರಿಂಟರ್, ಸ್ಕ್ಯಾನರ್, ನುಡಿ ಕಡತಗಳು, ತೋಟದ ಲೆಕ್ಕ ಎಲ್ಲವನ್ನೂ ಒಂದೊಂದಾಗಿ ತೆರೆದು ನೋಡಿದರು. ಹಳೆಯ ಸ್ಕ್ಯಾನರಿಗೆ ಮಾತ್ರ ಡ್ರೈವರನ್ನು ಮತ್ತೆ ಹಾಕಬೇಕಾಯಿತು. ನಕಲು ಮಾಡಿದ ಡಿಸ್ಕುಗಳಲ್ಲಿ ಒಂದು ಅವರ ಕಪಾಟಿನಲ್ಲಿದೆ, ಇನ್ನೊಂದನ್ನು ಮೈಸೂರಿನಲ್ಲಿರುವ ಮಗಳು ತೆಗೆದುಕೊಂಡು ಹೋಗಿದ್ದಾರೆ.