ಲಾಂಗ್ ಎಕ್ಸ್‌ಪೋಷರ್: ನಕ್ಷತ್ರಗಳಿಗೆ ಮಾನ್ಯತೆ ಕೊಟ್ಟವರು ಯಾರು?

ಚಳಿ ಶುರುವಾಗಿ ಆಕಾಶ ತಿಳಿಯಾದದ್ದೇ ತಡ, ನಕ್ಷತ್ರಗಳ ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡತೊಡಗುತ್ತವೆ. ಚಿತ್ರಗಳ ಬಗ್ಗೆ ತಕರಾರಿಲ್ಲ. ತಕರಾರಿರುವುದು ಅಡಿಬರಹದ ಬಗ್ಗೆ: ‘ದೀರ್ಘ ಮಾನ್ಯತೆಯ ಛಾಯಾಚಿತ್ರ’. ಕ್ಯಾಮೆರಾವನ್ನು ಬಹಳ ಹೊತ್ತು ಬೆಳಕಿಗೆ ತೆರೆದಿಟ್ಟು ತೆಗೆಯುವ ‘ಲಾಂಗ್ ಎಕ್ಸ್‌ಪೋಷರ್’ ಚಿತ್ರಕ್ಕೆ ಸಿಕ್ಕ ಅನುವಾದ ಇದು. ಯಂತ್ರಾನುವಾದದ ಪುಟಗಳಲ್ಲಂತೂ ‘ಮಾನ್ಯತೆ ಸಮಯ’, ‘ಮಾನ್ಯತೆ ತ್ರಿಕೋನ’ ಎಲ್ಲ ದಾಟಿ ‘ಮಾನ್ಯತೆ ಪರಿಹಾರ’ದವರೆಗೆ (ಎಕ್ಸ್‌ಪೋಷರ್ ಕಾಂಪೆನ್ಸೇಷನ್) ಬಂದಿದ್ದೇವೆ. ಮಾನ್ಯತೆ ಎಂದರೆ ಕಾಲೇಜಿಗೆ ನ್ಯಾಕ್ ಕೊಡುವುದು, ರಾಜಕೀಯ ಪಕ್ಷಕ್ಕೆ ಚುನಾವಣಾ ಆಯೋಗ ಕೊಡುವುದು. ಪರಿಹಾರ ಎಂದರೆ ಬೆಳೆ ಹಾಳಾದವರ ಖಾತೆಗೆ ಬರಬೇಕಾದದ್ದು. ಇವೆರಡೂ ಕೈಕೈ ಹಿಡಿದು ಕ್ಯಾಮೆರಾದ ಮೆನುವಿಗೆ ಹೊಕ್ಕಿವೆ. ಇಂಗ್ಲಿಷಿನ ಎಕ್ಸ್‌ಪೋಷರ್‌ಗೆ ‘ನಾಲ್ಕು ಜನರ ಕಣ್ಣಿಗೆ ಬೀಳುವುದು’ ಎಂಬ ಅರ್ಥವೂ ಇದೆಯಲ್ಲ, ಯಂತ್ರ ಅಲ್ಲಿಂದ ಜಾರಿರಬೇಕು. ಯಂತ್ರ ಜಾರಿದ್ದು ಸರಿ, ಅದನ್ನು ನಕಲು ಮಾಡುವವರಿಗೆ ಕಿವಿ ಬೇಡವೇ?

ಲ್ಯಾಟಿನ್ನಿನ ‘ಎಕ್ಸ್‌ಪೊನೆರೆ’ ಎಂದರೆ ಹೊರಗೆ ಇಡು. ಹಪ್ಪಳವನ್ನು ಬಿಸಿಲಿಗೆ ಇಟ್ಟ ಹಾಗೆ. ಇದಕ್ಕಾಗಿ ಕನ್ನಡದಲ್ಲಿ ಪದ ಟಂಕಿಸುತ್ತ ಕೂರಬೇಕಿಲ್ಲ, ‘ಒಡ್ಡು’ ಇದೆ. ಬಿಸಿಲಿಗೆ ಮೈಯೊಡ್ಡುತ್ತೇವೆ, ಮಳೆಗೆ ಮುಖವೊಡ್ಡುತ್ತೇವೆ, ತೀರ್ಥಕ್ಕೆ ಕೈಯೊಡ್ಡುತ್ತೇವೆ, ಗುಂಡಿಗೆ ಎದೆಯೊಡ್ಡಿದವರ ಕಥೆ ಹೇಳುತ್ತೇವೆ. ಹೊಲದಲ್ಲಿ ಹರಿಯುವ ನೀರಿಗೆ ಎದುರಾಗಿ ನಿಲ್ಲುವುದೂ ಒಡ್ಡೇ. ವಿಕಿರಣದ ಬಗ್ಗೆ ಬರೆಯುವವರು ‘ಎಕ್ಸ್‌ರೇಗೆ ಒಡ್ಡಿಕೊಳ್ಳುವುದು’ ಎಂದು ಎಂದಿನಿಂದಲೋ ಬರೆಯುತ್ತಿದ್ದಾರೆ, ಯಾರಿಗೂ ತೊಡಕಾಗಿಲ್ಲ. ಫೋಟೋದವರಿಗೆ ಮಾತ್ರ ಮಾನ್ಯತೆಯೇ ಬೇಕು.

‘ಒಡ್ಡು’ ಪದದ ಹೆಚ್ಚುಗಾರಿಕೆ ಅದು ಅಚ್ಚಗನ್ನಡ ಎಂಬುದರಲ್ಲಿಲ್ಲ, ಅದರ ವ್ಯಾಕರಣದಲ್ಲಿದೆ. ಒಡ್ಡು ಎಂದೊಡನೆ ಕನ್ನಡದ ಕಿವಿ ಎರಡು ಪ್ರಶ್ನೆ ಕೇಳುತ್ತದೆ: ಏನನ್ನು? ಯಾವುದಕ್ಕೆ? ದ್ವಿತೀಯೆ ಮತ್ತು ಚತುರ್ಥಿ ಎರಡೂ ಕೂಡದೆ ವಾಕ್ಯ ಮುಗಿಯುವುದಿಲ್ಲ. ನಕ್ಷತ್ರದ ಫೋಟೋಗಳ ಬಗ್ಗೆ ಹಬ್ಬಿರುವ ಅರ್ಧಕ್ಕರ್ಧ ತಪ್ಪು ಕಲ್ಪನೆಗಳು ಈ ಎರಡು ಪ್ರಶ್ನೆ ಕೇಳದೆ ಹುಟ್ಟಿದವು. ಅಂದಮಾತ್ರಕ್ಕೆ ‘ಎಕ್ಸ್‌ಪೋಷರ್’ ಬಿಟ್ಟುಬಿಡಿ ಎನ್ನುತ್ತಿಲ್ಲ, ಸ್ಟುಡಿಯೋದಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆ, ಈ ಬರಹದಲ್ಲೂ ಅದೇ ಇರುತ್ತದೆ. ‘ಮಾನ್ಯತೆ’ ಒಂದನ್ನು ಬಿಡಿ, ಸಾಕು.

ಎಕ್ಸ್‌ಪೋಷರ್ ಎಂದರೆ ಸಮಯ ಎಂದುಕೊಂಡವರೂ ಬಹಳ. ಅಲ್ಲ. ಸೆನ್ಸರಿನ (ಫಿಲ್ಮಿನ ಜಾಗದಲ್ಲಿ ಕೂತು ಬೆಳಕು ಹಿಡಿಯುವ ಚಿಪ್ಪಿನ) ಮೇಲೆ ಬೀಳುವ ಬೆಳಕಿನ ತೀವ್ರತೆಯನ್ನು ಅದು ಬಿದ್ದ ಹೊತ್ತಿನಿಂದ ಗುಣಿಸಿದರೆ ಬರುವುದು ಎಕ್ಸ್‌ಪೋಷರ್. ತೀವ್ರತೆ ಅಪರ್ಚರಿನ, ಎಂದರೆ ಲೆನ್ಸಿನ ಕಿಂಡಿಯ, ಕೈಯಲ್ಲಿದೆ, ಹೊತ್ತು ಶಟರಿನ, ಎಂದರೆ ಸೆನ್ಸರಿನ ಮುಂದಿನ ಬಾಗಿಲಿನ, ಕೈಯಲ್ಲಿದೆ. ಐಎಸ್‌ಒ ಇವೆರಡರ ಜೊತೆ ಆ ‘ಮಾನ್ಯತೆ ತ್ರಿಕೋನ’ದ ಮೂರನೇ ಮೂಲೆಯಲ್ಲಿ ಸುಮ್ಮನೆ ಜಾಗ ಹಿಡಿದು ಕೂತಿದೆ. ಬಂದ ಬೆಳಕನ್ನು ಆಮೇಲೆ ಎಷ್ಟು ಹಿಗ್ಗಿಸಬೇಕು ಎನ್ನುವುದಷ್ಟೇ ಅದರ ಕೆಲಸ, ಒಂದು ಹನಿ ಬೆಳಕನ್ನೂ ಅದು ಒಳಗೆ ತರುವುದಿಲ್ಲ.

‘ಲಾಂಗ್’ ಎಂದರೆ ಎಷ್ಟು ಎಂಬುದಕ್ಕೆ ಗಡಿಯೇನೂ ಇಲ್ಲ. 1850ರ ಜುಲೈನಲ್ಲಿ ಹಾರ್ವರ್ಡ್ ವೀಕ್ಷಣಾಲಯದಲ್ಲಿ ಬಾಂಡ್ ಮತ್ತು ವಿಪಲ್ ಅಭಿಜಿತ್ ನಕ್ಷತ್ರವನ್ನು ಮೊದಲ ಬಾರಿಗೆ ಫೋಟೋ ತಟ್ಟೆಯ ಮೇಲೆ ಹಿಡಿದಾಗ ಸುಮಾರು 100 ಸೆಕೆಂಡ್ ಬೇಕಾಯಿತು. 1880ರಲ್ಲಿ ಹೆನ್ರಿ ಡ್ರೇಪರ್ ಮಹಾವ್ಯಾಧದ ನೀಹಾರಿಕೆಗೆ 51 ನಿಮಿಷ ಕೊಟ್ಟ. ಎರಡೂ ಸಲ ದೂರದರ್ಶಕ ನಕ್ಷತ್ರದ ಹಿಂದೆಯೇ ತಿರುಗುತ್ತಿತ್ತು, ಹಾಗಾಗಿ ನಿಮಿಷ ಕಳೆದಂತೆ ಬೆಳಕು ಒಂದೇ ಜಾಗದಲ್ಲಿ ಜಮೆಯಾಯಿತು. ಟ್ರೈಪಾಡಿನ ಮೇಲೆ ಅಲುಗಾಡದೆ ಕೂತ ಕ್ಯಾಮೆರಾದಲ್ಲಿ ಹಾಗಾಗುವುದಿಲ್ಲ. ಎಲ್ಲರೂ ಎಡವುವುದು ಇಲ್ಲೇ.

ಲೆಕ್ಕ ಹಾಕಿ ನೋಡೋಣ. 24 ಮೆಗಾಪಿಕ್ಸೆಲಿನ ಫುಲ್‌ಫ್ರೇಮ್ (ಹಳೆಯ 35 ಮಿ.ಮೀ. ಫಿಲ್ಮಿನಷ್ಟೇ ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ ಒಂದು ಪಿಕ್ಸೆಲ್ಲಿನ ಅಗಲ ಸುಮಾರು 6 ಮೈಕ್ರಾನ್. 24 ಮಿ.ಮೀ. ಲೆನ್ಸ್ ಹಾಕಿದರೆ ಆ ಪಿಕ್ಸೆಲ್ ಆಕಾಶದ ಸುಮಾರು 51 ಆರ್ಕ್‌ಸೆಕೆಂಡನ್ನು (ಒಂದು ಡಿಗ್ರಿಗೆ 3,600 ಆರ್ಕ್‌ಸೆಕೆಂಡ್) ನೋಡುತ್ತದೆ. ಭೂಮಿ ತಿರುಗುವುದರಿಂದ ಮಹಾವ್ಯಾಧನ ನಡುಪಟ್ಟಿಯ ನಕ್ಷತ್ರಗಳು ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ ಸರಿಯುತ್ತವೆ. ಎಂದರೆ ಒಂದು ನಕ್ಷತ್ರ ಒಂದು ಪಿಕ್ಸೆಲ್ಲಿನ ಮೇಲೆ ನಿಲ್ಲುವುದು ಹೆಚ್ಚೂಕಡಿಮೆ ಮೂರೂವರೆ ಸೆಕೆಂಡ್. ನೀವು ಶಟರನ್ನು 30 ಸೆಕೆಂಡ್ ತೆರೆದಿಡಿ, ಅರ್ಧ ಗಂಟೆ ತೆರೆದಿಡಿ, ಆ ಪಿಕ್ಸೆಲ್ಲಿಗೆ ನಕ್ಷತ್ರದಿಂದ ಸಿಗುವುದು ಮೂರೂವರೆ ಸೆಕೆಂಡಿನ ಬೆಳಕೇ. ಆಮೇಲೆ ನಕ್ಷತ್ರ ಪಕ್ಕದ ಪಿಕ್ಸೆಲ್ಲಿಗೆ ಹೋಗಿರುತ್ತದೆ. ಆಕಾಶದ ಹಿನ್ನೆಲೆ ಬೆಳಕು ಮಾತ್ರ ಎಲ್ಲಿಗೂ ಹೋಗದೆ ಅಲ್ಲೇ ತುಂಬುತ್ತಲೇ ಇರುತ್ತದೆ. 30 ಸೆಕೆಂಡಿನ ಬದಲು 4 ನಿಮಿಷ ಕೊಟ್ಟರೆ ಹಿನ್ನೆಲೆ ಎಂಟು ಪಟ್ಟು ಬೆಳಗುತ್ತದೆ, ನಕ್ಷತ್ರದ ಗೆರೆ ಉದ್ದವಾಗುತ್ತದೆಯೇ ಹೊರತು ಎಳ್ಳಷ್ಟೂ ಪ್ರಖರವಾಗುವುದಿಲ್ಲ. ‘ಹೆಚ್ಚು ಹೊತ್ತು ತೆರೆದಿಟ್ಟರೆ ಮಂಕು ನಕ್ಷತ್ರಗಳೂ ಮೂಡುತ್ತವೆ’ ಎಂಬ ಸಲಹೆ, ಕ್ಯಾಮೆರಾವನ್ನು ನಕ್ಷತ್ರದ ಹಿಂದೆ ತಿರುಗಿಸುವ ಟ್ರ್ಯಾಕರ್ ಇದ್ದವರಿಗೆ ಸರಿ. ಇಲ್ಲದವರಿಗೆ ಅದು ಮಂಕು ನಕ್ಷತ್ರಗಳನ್ನು ಮುಳುಗಿಸುವ ಸಲಹೆ. ಟ್ರ್ಯಾಕರ್ ಇಲ್ಲದೆ ಗೆರೆ ಪ್ರಖರವಾಗಬೇಕಾದರೆ ಅಪರ್ಚರ್ ಅಗಲಿಸಬೇಕು, ಬೇರೆ ದಾರಿಯಿಲ್ಲ. ಬೆಂಗಳೂರಿನ ಸುತ್ತಮುತ್ತ ಅಪರ್ಚರ್ ಎಫ್/2.8, ಐಎಸ್‌ಒ 1600ರಲ್ಲಿ 30 ಸೆಕೆಂಡ್ ಕೊಟ್ಟವರಿಗೆ ಕಿತ್ತಳೆ ಬಣ್ಣದ ಅಂಬಲಿ ಸಿಕ್ಕಿರುತ್ತದಲ್ಲ, ಕಾರಣ ಇದೇ.

‘500ರ ನಿಯಮ’ದ ಗತಿಯೂ ಇದೇ ಲೆಕ್ಕದಲ್ಲಿ ಗೊತ್ತಾಗುತ್ತದೆ. 500ನ್ನು ಲೆನ್ಸಿನ ಫೋಕಲ್ ಲೆಂತ್‌ನಿಂದ ಭಾಗಿಸಿದಷ್ಟು ಸೆಕೆಂಡ್ ಕೊಟ್ಟರೆ ನಕ್ಷತ್ರ ಚುಕ್ಕಿಯಾಗಿಯೇ ಉಳಿಯುತ್ತದೆ ಎನ್ನುತ್ತದೆ ಅದು. 24 ಮಿ.ಮೀ.ಗೆ 21 ಸೆಕೆಂಡ್ ಬಂತು. ಅಷ್ಟರಲ್ಲಿ ನಕ್ಷತ್ರ ಆರು ಪಿಕ್ಸೆಲ್ ಸರಿದಿರುತ್ತದೆ. ಅದು ಚುಕ್ಕಿಯಲ್ಲ, ಅಕ್ಕಿಕಾಳು. ಫಿಲ್ಮಿನ ಕಾಲಕ್ಕೆ, ಅಂಗೈಯಗಲದ ಪ್ರಿಂಟಿಗೆ ಅದು ಸಾಕಾಗಿತ್ತು. ಈಗ 10–12 ಸೆಕೆಂಡಿಗೆ ಇಳಿಸಿ. ಫುಲ್‌ಫ್ರೇಮಿಗಿಂತ ಚಿಕ್ಕದಾದ ಎಪಿಎಸ್-ಸಿ ಸೆನ್ಸರಾದರೆ ಇನ್ನೂ ಕಡಿಮೆ.

ಇನ್ನು ಅತಿ ಹೆಚ್ಚು ಸಿಟ್ಟು ಬರಿಸುವ ಅಡಿಬರಹಕ್ಕೆ ಬರೋಣ: ‘ನಾಲ್ಕು ಗಂಟೆಗಳ ಲಾಂಗ್ ಎಕ್ಸ್‌ಪೋಷರ್’. ಸುರುಳಿಸುರುಳಿ ಗೆರೆಗಳ ಆ ಚಿತ್ರ ಹತ್ತರಲ್ಲಿ ಒಂಬತ್ತು ಸಲ ನಾಲ್ಕು ಗಂಟೆಯ ಎಕ್ಸ್‌ಪೋಷರ್ ಆಗಿರುವುದಿಲ್ಲ. 30 ಸೆಕೆಂಡಿನ 480 ಫ್ರೇಮುಗಳನ್ನು ಸ್ಟಾರ್‌ಸ್ಟ್ಯಾಕ್ಸ್‌ನಂಥ ತಂತ್ರಾಂಶದಲ್ಲಿ ಪೇರಿಸಿದ್ದು ಅದು. ‘480 ಸಲ 30 ಸೆಕೆಂಡ್ ಎಂದರೆ ನಾಲ್ಕು ಗಂಟೆಯೇ ತಾನೇ?’ ಎಂಬ ವಾದ ತಯಾರಿರುತ್ತದೆ. ಕೂಡಿದರೆ ಹೌದು, ಆದರೆ ಇಲ್ಲಿ ಕೂಡಿಲ್ಲ. ಒಂದೇ ಒಂದು ಪಿಕ್ಸೆಲ್ ಹಿಡಿದು ನೋಡಿ. ಮೊದಲ ಫ್ರೇಮಿನಲ್ಲಿ ಅದರ ಹೊಳಪಿನ ಬೆಲೆ 40, ಎರಡನೆಯದರಲ್ಲಿ 42, ಹೀಗೇ ಸಾಗಿ 137ನೆಯದರಲ್ಲಿ ರೋಹಿಣಿ ನಕ್ಷತ್ರ ಹಾದುಹೋಗಿ 210, ಮುಂದಿನದರಲ್ಲಿ ಮತ್ತೆ 41 ಎಂದುಕೊಳ್ಳಿ. ತಂತ್ರಾಂಶದ ‘ಲೈಟನ್’ ವಿಧಾನ ಆ 480 ಬೆಲೆಗಳಲ್ಲಿ ದೊಡ್ಡದೊಂದನ್ನು, 210ನ್ನು, ಇಟ್ಟುಕೊಂಡು ಉಳಿದ 479ನ್ನು ಎಸೆಯುತ್ತದೆ. ಆದ್ದರಿಂದಲೇ ಹಿನ್ನೆಲೆ ಕಪ್ಪಾಗಿ ಉಳಿಯುತ್ತದೆ, ಆದ್ದರಿಂದಲೇ ಈ ವಿಧಾನ ಗೆದ್ದದ್ದು. ಕೊನೆಯ ಚಿತ್ರದ ಯಾವ ಪಿಕ್ಸೆಲ್ಲೂ 30 ಸೆಕೆಂಡಿಗಿಂತ ಹೆಚ್ಚು ಹೊತ್ತು ಯಾವುದಕ್ಕೂ ಒಡ್ಡಿಕೊಂಡಿಲ್ಲ. ಮೋಸವೇನೂ ಅಲ್ಲ, ಒಳ್ಳೆಯ ವಿಧಾನ. ‘30 ಸೆಕೆಂಡ್, 480 ಫ್ರೇಮ್’ ಎಂದು ಬರೆಯಲು ಏನು ಕಷ್ಟ?

ನೀಹಾರಿಕೆ ತೆಗೆಯುವವರ ಸ್ಟ್ಯಾಕಿಂಗ್ (ಪೇರಿಸುವಿಕೆ) ಬೇರೆ. ಅವರು ನಕ್ಷತ್ರಗಳನ್ನು ಒಂದರ ಮೇಲೊಂದು ಹೊಂದಿಸಿ ಸರಾಸರಿ ತೆಗೆಯುತ್ತಾರೆ, ಬೆಳಕು ನಿಜವಾಗಿಯೂ ಕೂಡುತ್ತದೆ. ಅದಕ್ಕೆ ಅವರು ‘ಒಟ್ಟು ಇಂಟಿಗ್ರೇಷನ್’ ಎಂಬ ಮಾತು ಇಟ್ಟುಕೊಂಡಿದ್ದಾರೆ. ಅದೇ 480 ಫ್ರೇಮುಗಳನ್ನು ಸೆಕೆಂಡಿಗೆ 24ರಂತೆ ಓಡಿಸಿದರೆ 20 ಸೆಕೆಂಡಿನ ಟೈಮ್‌ಲ್ಯಾಪ್ಸ್ ವಿಡಿಯೊ. ಗೆರೆಗಳ ‘ಟ್ರೇಲ್’ ಚಿತ್ರವನ್ನೇ ಟೈಮ್‌ಲ್ಯಾಪ್ಸ್ ಎನ್ನುವವರೂ ಇದ್ದಾರೆ, ಅವರ ಜೊತೆ ಜಗಳವಾಡುವಷ್ಟು ಶಕ್ತಿ ಇಲ್ಲ.

ಒಂದೇ ಫ್ರೇಮಿನಲ್ಲಿ ಗಂಟೆಗಟ್ಟಲೆ ತೆಗೆಯಬೇಕೆಂದಿದ್ದರೆ ಕ್ಯಾಮೆರಾದಲ್ಲಿ ‘ಬಲ್ಬ್’ ಸೆಟ್ಟಿಂಗ್ ಇದೆ. ಇದಕ್ಕೂ ವಿದ್ಯುತ್ ಬಲ್ಬಿಗೂ ಸಂಬಂಧವಿಲ್ಲ. ಹಳೆಯ ಕ್ಯಾಮೆರಾಗಳಲ್ಲಿ ಕೊಳವೆಯ ತುದಿಗೆ ರಬ್ಬರಿನ ಬುರುಡೆಯೊಂದು ಇರುತ್ತಿತ್ತು. ಅದನ್ನು ಒತ್ತಿ ಹಿಡಿದಷ್ಟು ಹೊತ್ತು ಗಾಳಿಯ ಒತ್ತಡಕ್ಕೆ ಶಟರ್ ತೆರೆದಿರುತ್ತಿತ್ತು. ಫಿಲ್ಮಿಗೆ ಇನ್ನೊಂದು ಕಾಟ. ಹೊತ್ತು ಇಮ್ಮಡಿಸಿದರೆ ಪರಿಣಾಮ ಇಮ್ಮಡಿಸುತ್ತಿರಲಿಲ್ಲ, ಫಿಲ್ಮ್ ದಣಿಯುತ್ತಿತ್ತು. 1890ರ ದಶಕದ ಕೊನೆಗೆ ವಿಯೆನ್ನಾದಲ್ಲಿ ನಕ್ಷತ್ರಗಳ ಫೋಟೋ ತೆಗೆಯುತ್ತಿದ್ದ ಕಾರ್ಲ್ ಶ್ವಾರ್ಟ್ಸ್‌ಶಿಲ್ಡ್ ಇದನ್ನು ಸೂತ್ರಕ್ಕಿಳಿಸಿದ. ಮುಂದೆ ಕಪ್ಪುಕುಳಿಯ ಲೆಕ್ಕದಿಂದ ಹೆಸರಾದ ಅದೇ ಶ್ವಾರ್ಟ್ಸ್‌ಶಿಲ್ಡ್.

‘ಧ್ರುವದ ಸುತ್ತ ಪೂರ್ಣ ವೃತ್ತ’ ಎಂಬ ಅಡಿಬರಹದಲ್ಲೂ ಸ್ವಲ್ಪ ಅತಿಶಯೋಕ್ತಿ ಇದೆ. ಗಂಟೆಗೆ 15 ಡಿಗ್ರಿ ಲೆಕ್ಕದಲ್ಲಿ, ಡಿಸೆಂಬರಿನಲ್ಲಿ ನಮ್ಮಲ್ಲಿ ಸಿಗುವ ಸುಮಾರು 10 ಗಂಟೆಯ ಗಾಢ ಕತ್ತಲಿನಲ್ಲಿ ಒಂದು ನಕ್ಷತ್ರ ಬರೆಯಬಹುದಾದದ್ದು 150 ಡಿಗ್ರಿಯ ಕಮಾನು, ಅರ್ಧ ವೃತ್ತವೂ ಅಲ್ಲ. ಒಂದೇ ದೂರದಲ್ಲಿರುವ ಬೇರೆ ಬೇರೆ ನಕ್ಷತ್ರಗಳ ಕಮಾನುಗಳು ಒಂದರ ಬಾಲಕ್ಕೊಂದು ಕೂಡಿಕೊಂಡು ವೃತ್ತದ ಭ್ರಮೆ ಹುಟ್ಟಿಸುತ್ತವೆ. ಹಂಪಿಯಲ್ಲಿ ಧ್ರುವನಕ್ಷತ್ರ ದಿಗಂತದಿಂದ ಕೇವಲ 15 ಡಿಗ್ರಿ ಮೇಲಿದೆ. ಅದಕ್ಕಿಂತ ದೊಡ್ಡ ವೃತ್ತಗಳೆಲ್ಲ ಬಂಡೆಗಳ ಹಿಂದೆ ಕತ್ತರಿಸಿ ಹೋಗುತ್ತವೆ. ಲಡಾಖಿನ ಹಾನ್ಲೆಯಲ್ಲಿ ಅದು 33 ಡಿಗ್ರಿಯ ಹತ್ತಿರ ಇರುವುದರಿಂದ ಅಲ್ಲಿನ ಸುರುಳಿಗಳು ತುಂಬಿಕೊಂಡು ಕಾಣುತ್ತವೆ. ಅಂದಹಾಗೆ ಧ್ರುವನೂ ಅಚಲನಲ್ಲ. ಆಕಾಶದ ನಿಜವಾದ ಧ್ರುವಬಿಂದುವಿನಿಂದ ಅರ್ಧ ಡಿಗ್ರಿಗಿಂತ ತುಸು ಹೆಚ್ಚೇ ಆಚೆ ಇದ್ದಾನೆ, 50 ಮಿ.ಮೀ. ಲೆನ್ಸಿನಲ್ಲಿ ಎರಡು ಗಂಟೆಗೆ ಅವನ ಪುಟ್ಟ ಕಮಾನು ಚೆನ್ನಾಗಿಯೇ ಕಾಣುತ್ತದೆ. ಕರ್ನಾಟಕದಲ್ಲಿದ್ದು ಚಳಿಗಾಲದಲ್ಲಿ ಉತ್ತರಕ್ಕೇ ಜೋತುಬೀಳುವುದು ಯಾಕೋ ತಿಳಿಯದು. ಪೂರ್ವಕ್ಕೆ ತಿರುಗಿಸಿದರೆ ಮಹಾವ್ಯಾಧನ ನಡುಪಟ್ಟಿ ನೆಟ್ಟಗೆ ಗೆರೆ ಎಳೆಯುತ್ತದೆ, ಎಡದವು ಒಂದು ಕಡೆಗೆ ಬಲದವು ಇನ್ನೊಂದು ಕಡೆಗೆ ಬಾಗುತ್ತವೆ. ಆರ್ದ್ರೆಯ ಕೆಂಪು, ಲುಬ್ಧಕದ ನೀಲಿಬಿಳುಪು ಚುಕ್ಕಿಯಲ್ಲಿ ಸುಟ್ಟುಹೋಗಿ ಬೆಳ್ಳಗಾಗುವಂಥವು, ಗೆರೆಯಲ್ಲಿ ಬಣ್ಣ ಉಳಿಸಿಕೊಳ್ಳುತ್ತವೆ.

ಚಳಿಗಾಲದಲ್ಲಿ ನಕ್ಷತ್ರ ಹೆಚ್ಚು ಹೊಳೆಯುತ್ತದೆ ಎನ್ನುವುದಕ್ಕಿಂತ, ಹೊಳೆಯುವ ನಕ್ಷತ್ರಗಳು ಆಗ ಹೆಚ್ಚು ಮೇಲಿರುತ್ತವೆ ಎಂದರೆ ಸರಿ. ಚಳಿಯ ನಿಜವಾದ ಲಾಭ ಸೆನ್ಸರಿಗೆ. ಸೆನ್ಸರ್ ಬೆಳಕಿಲ್ಲದೆಯೂ ತನ್ನ ಬಿಸಿಯಿಂದಲೇ ಸಂಕೇತ ಹುಟ್ಟಿಸುತ್ತಿರುತ್ತದೆ, ಸುಮಾರು ಆರು ಡಿಗ್ರಿ ತಣ್ಣಗಾದರೆ ಅದು ಅರ್ಧಕ್ಕಿಳಿಯುತ್ತದೆ. ಏಪ್ರಿಲಿನ 24 ಡಿಗ್ರಿಯ ರಾತ್ರಿಗೆ ಹೋಲಿಸಿದರೆ ಜನವರಿಯ 12 ಡಿಗ್ರಿಯಲ್ಲಿ ಕಾಲುಭಾಗ.

ನಷ್ಟ ಇಬ್ಬನಿಯಿಂದ. ಲೆನ್ಸಿನ ಮುಂದಿನ ಗಾಜು ರಾತ್ರಿಯಿಡೀ ತೆರೆದ ಆಕಾಶಕ್ಕೆ ಒಡ್ಡಿಕೊಂಡು (ಇದೂ ಎಕ್ಸ್‌ಪೋಷರೇ) ತನ್ನ ಶಾಖ ಕಳೆದುಕೊಂಡು ಸುತ್ತಲ ಗಾಳಿಗಿಂತಲೂ ತಣ್ಣಗಾಗುತ್ತದೆ. ನಡುರಾತ್ರಿ ದಾಟುತ್ತಲೇ ಅದರ ಮೇಲೆ ಮಂಜು ಕೂರುತ್ತದೆ. ಸ್ಟ್ಯಾಕ್ ಮಾಡಿದ ಮೇಲೆ ಗೆರೆಗಳು ಒಂದು ತುದಿಯಲ್ಲಿ ಹೊಗೆಯಂತೆ ಕರಗಿದ್ದರೆ ಅದು ಕಲೆಯಲ್ಲ, ಇಬ್ಬನಿ. ಒರೆಸಲು ಹೋದರೆ ಕ್ಯಾಮೆರಾ ಕೂದಲೆಳೆಯಷ್ಟು ಕದಲಿದರೂ ಗೆರೆ ಮುರಿಯುತ್ತದೆ. ಲೆನ್ಸಿನ ಮುಂದೆ ಹುಡ್ (ಮರೆಯ ಕೊಳವೆ) ಹಾಕಿ, 5 ವೋಲ್ಟಿನ ಹೀಟರ್ ಪಟ್ಟಿಯನ್ನು ಲೆನ್ಸಿನ ಮೂತಿಗೆ ಸುತ್ತಿ, ಮಂಜು ಕೂರುವ ಮೊದಲೇ ಹಚ್ಚಿಡಿ. 5 ವ್ಯಾಟಿನ ಪಟ್ಟಿಗೆ 10,000 ಎಂಎಎಚ್ ಪವರ್ ಬ್ಯಾಂಕ್ ಆರು ಗಂಟೆಯ ಹತ್ತಿರ ಬರುತ್ತದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯವಿರುವ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದ ಒಣಗಾಳಿಯಲ್ಲಿ, ಇಬ್ಬನಿಯ ಚಿಂತೆ ಕಡಿಮೆ. ಅಲ್ಲಿ ಸೊರಗುವುದು ಬ್ಯಾಟರಿ. ಬದಲಿ ಬ್ಯಾಟರಿ ಒಳಜೇಬಿನಲ್ಲಿ ಮೈಬಿಸಿಗೆ ಇರಬೇಕು.

ಗೆರೆ ತುಂಡುತುಂಡಾಗಲು ಇನ್ನೆರಡು ಕಾರಣಗಳಿವೆ. ಕ್ಯಾಮೆರಾದ ‘30 ಸೆಕೆಂಡ್’ ವಾಸ್ತವದಲ್ಲಿ 32 ಸೆಕೆಂಡ್, ಶಟರಿನ ಮೆಟ್ಟಿಲುಗಳು 1, 2, 4, 8, 16, 32 ಎಂದು ಇಮ್ಮಡಿಸುತ್ತ ಹೋಗುವುದರಿಂದ. ಫ್ರೇಮುಗಳನ್ನು ತಾನಾಗಿ ತೆಗೆಸುವ ಟೈಮರಿಗೆ 30 ಸೆಕೆಂಡಿನ ಅಂತರ ಕೊಟ್ಟರೆ ಅದು ಒಂದು ಬಿಟ್ಟು ಒಂದು ಸಲ ತಪ್ಪಿಸುತ್ತದೆ. 33 ಕೊಡಿ, ಇಲ್ಲವೇ ಕಂಟಿನ್ಯುಯಸ್‌ಗೆ ಹಾಕಿ ಕೇಬಲ್ಲಿನ ಗುಂಡಿಯನ್ನು ಒತ್ತಿ ಬಿಗಿಮಾಡಿ. ಒಂದು ಸೆಕೆಂಡಿನ ಬಿಡುವು 24 ಮಿ.ಮೀ.ನಲ್ಲಿ ಪಿಕ್ಸೆಲ್ಲಿನ ಮೂರನೇ ಒಂದು ಭಾಗವೂ ಆಗದು. ಎರಡನೆಯದು ಮೆನುವಿನಲ್ಲಿರುವ ‘ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್’. ಹೆಸರು ನೋಡಿ ಮರುಳಾಗಿ ಆನ್ ಮಾಡಿದರೆ, ಕ್ಯಾಮೆರಾ ಪ್ರತಿ ಫ್ರೇಮಿನ ಬೆನ್ನಿಗೆ ಶಟರ್ ಮುಚ್ಚಿಕೊಂಡು ಅಷ್ಟೇ ಹೊತ್ತಿನ ಕಪ್ಪು ಫ್ರೇಮೊಂದನ್ನು ತೆಗೆಯುತ್ತ ಕೂರುತ್ತದೆ. ಒಂಬತ್ತು ಪಿಕ್ಸೆಲ್ ಗೆರೆ, ಒಂಬತ್ತು ಪಿಕ್ಸೆಲ್ ಖಾಲಿ, ಮತ್ತೆ ಒಂಬತ್ತು ಗೆರೆ. ಅದನ್ನು ಆಫ್ ಮಾಡಿ, ಎಲ್ಲ ಮುಗಿದ ಮೇಲೆ ಲೆನ್ಸಿಗೆ ಮುಚ್ಚಳ ಹಾಕಿ ಅದೇ ಚಳಿಯಲ್ಲಿ ಹತ್ತಿಪ್ಪತ್ತು ಕಪ್ಪು ಫ್ರೇಮುಗಳನ್ನು ನೀವೇ ತೆಗೆದುಕೊಳ್ಳಿ, ಸ್ಟ್ಯಾಕಿಂಗ್ ತಂತ್ರಾಂಶ ಅವುಗಳನ್ನು ಕಳೆಯುತ್ತದೆ. ಆ ಫ್ರೇಮುಗಳ ವಿವರ ತೆರೆದು ನೋಡಿದರೆ ಅಲ್ಲೂ ‘ಎಕ್ಸ್‌ಪೋಷರ್: 30 ಸೆಕೆಂಡ್’ ಎಂದೇ ಬರೆದಿರುತ್ತದೆ. ಏನನ್ನು ಒಡ್ಡಿದ್ದು? ಸೆನ್ಸರನ್ನು. ಯಾವುದಕ್ಕೆ? ಮುಚ್ಚಳಕ್ಕೆ.