ಆಕ್ಸಿಜನ್ ಚೇಂಬರ್‌ನಲ್ಲಿ ಕೂರಿಸಿದರೆ ಲಕ್ವ ಹೊಡೆದ ಕೈ ಏಳುತ್ತದೆಯೇ?

ಪ್ರಶ್ನೆ: ಅಪ್ಪನಿಗೆ ಸ್ಟ್ರೋಕ್ ಆಗಿ ಎಂಟು ತಿಂಗಳಾಯಿತು. ಬಲಗೈ ಇನ್ನೂ ಎತ್ತಲಾಗುತ್ತಿಲ್ಲ. ಹೈಪರ್‌ಬೇರಿಕ್ ಆಕ್ಸಿಜನ್ (ಒತ್ತಡ ಹೆಚ್ಚಿಸಿದ ಮುಚ್ಚಿದ ಚೇಂಬರಿನಲ್ಲಿ ಕೂರಿಸಿ ಶುದ್ಧ ಆಕ್ಸಿಜನ್ ಉಸಿರಾಡಿಸುವುದು) 40 ಸಿಟ್ಟಿಂಗ್ ಕೊಡಿಸಿದರೆ ಮಲಗಿರುವ ನರಕೋಶಗಳು ಏಳುತ್ತವಂತೆ. ಕೊಡಿಸಬಹುದೇ?

ಉತ್ತರ: ಬೇಡ. ಎಷ್ಟು ಸಲ ಬರೆದರೂ ಈ ಪ್ರಶ್ನೆ ಮತ್ತೆ ಬರುತ್ತದೆ, ಜೊತೆಗೆ ಆ ‘ಮಲಗಿರುವ ನರಕೋಶ’ವೂ ಬರುತ್ತದೆ. ಮೊದಲು ಅದನ್ನೇ ನೋಡೋಣ.

ಅದರಲ್ಲಿ ಒಂದೆಳೆ ನಿಜವಿದೆ. ಮೆದುಳಿನ ರಕ್ತನಾಳ ಕಟ್ಟಿಕೊಂಡಾಗ ನಡುಭಾಗದ ಕೋಶಗಳು ನಿಮಿಷಗಳಲ್ಲೇ ಸಾಯುತ್ತವೆ. ಸುತ್ತಲಿನವು ಕೆಲಸ ನಿಲ್ಲಿಸಿ ಜೀವ ಹಿಡಿದುಕೊಂಡಿರುತ್ತವೆ. ಆದರೆ ಅದು ಗಂಟೆಗಳ ಲೆಕ್ಕ. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ನಾಲ್ಕೂವರೆ ಗಂಟೆಯ ಗಡುವು ಇರುವುದು ಅದಕ್ಕೇ. ಎಂಟು ತಿಂಗಳ ಹೊತ್ತಿಗೆ ಆ ಕೋಶಗಳು ಒಂದೋ ಚೇತರಿಸಿಕೊಂಡಿವೆ, ಇಲ್ಲವೇ ಸತ್ತಿವೆ.

‘ಮೆದುಳಿಗೆ ಆಕ್ಸಿಜನ್ ಸಾಲದು’ ಎನ್ನುವುದೂ ಅಷ್ಟೇ. ಶ್ವಾಸಕೋಶ ಚೆನ್ನಾಗಿದ್ದರೆ ಅಪ್ಪನ ಬೆರಳಿಗೆ ಹಾಕಿದ ಆಕ್ಸಿಮೀಟರ್ 97, 98 ತೋರಿಸುತ್ತದೆ. ರಕ್ತದಲ್ಲಿ ಆಕ್ಸಿಜನ್ ಆಗಲೇ ತುಂಬಿದೆ, ಸ್ಟ್ರೋಕ್‌ನಲ್ಲಿ ನಿಂತದ್ದು ಹರಿವು. ನಾಲೆಯಲ್ಲಿ ಮಣ್ಣು ಕುಸಿದಿರುವಾಗ ಅಣೆಕಟ್ಟೆ ತುಂಬಿದರೆ ಕೊನೆಯ ಗದ್ದೆಗೆ ನೀರು ಬಂದೀತೇ? ಚೇಂಬರಿನ ಒತ್ತಡದಲ್ಲಿ ರಕ್ತದ ದ್ರವಭಾಗದಲ್ಲಿ ಕರಗುವ ಆಕ್ಸಿಜನ್ ಹಲವು ಪಟ್ಟು ಹೆಚ್ಚುವುದು ನಿಜ. ಆದರೆ ಸತ್ತ ಕೋಶಕ್ಕೆ ಅದರಿಂದ ಏನೂ ಆಗದು.

‘ನಮ್ಮವರೊಬ್ಬರಿಗೆ ಗುಣವಾಯಿತಲ್ಲ?’ ಎಂದು ಕೇಳುವವರಿದ್ದಾರೆ. ಕೆನಡಾದಲ್ಲಿ ಸೆರೆಬ್ರಲ್ ಪಾಲ್ಸಿ (ಎಳೆಯ ಮೆದುಳಿಗೆ ಆದ ಹಾನಿಯಿಂದ ಕೈಕಾಲಿನ ಹಿಡಿತ ತಪ್ಪುವ ತೊಂದರೆ) ಇದ್ದ 111 ಮಕ್ಕಳ ಮೇಲೆ ಈ ಚಿಕಿತ್ಸೆಯನ್ನು ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದರು. ಅರ್ಧ ಮಕ್ಕಳಿಗೆ ಹೆಚ್ಚು ಒತ್ತಡದಲ್ಲಿ ಶುದ್ಧ ಆಕ್ಸಿಜನ್, ಉಳಿದವರಿಗೆ ತುಸುವೇ ಒತ್ತಡದಲ್ಲಿ ಬರೀ ಗಾಳಿ. ಎರಡೂ ಗುಂಪು ಸುಧಾರಿಸಿದವು, ಸಮಸಮವಾಗಿ! ಅಂದರೆ ಚೇಂಬರಿನಲ್ಲಿ ಕೂತವರು ಸುಧಾರಿಸಿದ ಮಾತ್ರಕ್ಕೆ ಅದು ಆಕ್ಸಿಜನ್ನಿನ ಗುಣ ಎನ್ನಲಾಗದು. ತಲೆಗೆ ಪೆಟ್ಟಾದ ಅಮೆರಿಕದ ಸೈನಿಕರಲ್ಲೂ ಕಂಡದ್ದು ಇದೇ. ಇಸ್ರೇಲಿನ 2013ರ ಅಧ್ಯಯನವನ್ನು ಎಲ್ಲರೂ ನನಗೆ ಕಳಿಸುತ್ತಾರೆ. ಅದರಲ್ಲಿ 74 ಸ್ಟ್ರೋಕ್ ರೋಗಿಗಳಿದ್ದರು, ಚಿಕಿತ್ಸೆ ಪಡೆದವರು ಸುಧಾರಿಸಿದರು. ಆದರೆ ಹೋಲಿಕೆಯ ಗುಂಪನ್ನು ಹುಸಿ ಚೇಂಬರಿನಲ್ಲಿ ಕೂರಿಸಿರಲಿಲ್ಲ. ಕೆನಡಾದ ಮಕ್ಕಳನ್ನು ನೋಡಿದ ಮೇಲೆ ಇದು ಎಷ್ಟು ದೊಡ್ಡ ಕೊರತೆ ಎಂದು ನಿಮಗೇ ತಿಳಿದೀತು.

ಆ ದುಡ್ಡನ್ನು ಫಿಸಿಯೋಥೆರಪಿಗೆ ಹಾಕಿ. ಉಳಿದ ಮೆದುಳು ಹೊಸ ದಾರಿ ಕಲಿಯುವುದು ಮಾಡಿದ್ದನ್ನೇ ಮಾಡಿಸಿದಾಗ. ಎಂಟು ತಿಂಗಳಿಗೆ ಅದು ಮುಗಿದುಹೋಗುವುದಿಲ್ಲ.

ಹಾಗೆಂದು ಚೇಂಬರೇ ಮೋಸವಲ್ಲ. ಆಳದಿಂದ ಬೇಗ ಮೇಲೆ ಬಂದ ಮುಳುಗುಗಾರರಿಗೆ, ಕೆಲವು ಮಧುಮೇಹದ ಕಾಲುಹುಣ್ಣುಗಳಿಗೆ ಅದು ಬೇಕು. ನಮ್ಮ ಮನೆಗಳಿಗೆ ಹತ್ತಿರದ ಉದಾಹರಣೆಯೆಂದರೆ ಬಚ್ಚಲಿನ ಗ್ಯಾಸ್ ಗೀಸರಿನ ವಿಷಾನಿಲ. ಅದರಿಂದ ಹೊಮ್ಮುವ ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಕ್ಸಿಜನ್‌ನ ಜಾಗ ಹಿಡಿಯುತ್ತದೆ. ಸಾಧಾರಣ ಗಾಳಿಯಲ್ಲಿ ಅದು ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು, ಮಾಸ್ಕಿನ ಶುದ್ಧ ಆಕ್ಸಿಜನ್‌ನಲ್ಲಿ ಒಂದೂವರೆ ಗಂಟೆಯೊಳಗೆ, ಚೇಂಬರಿನಲ್ಲಿ ಅರ್ಧ ಗಂಟೆಯೊಳಗೆ. ಸ್ನಾನಕ್ಕೆ ಹೋದವರು ಕುಸಿದರೆ ಮೊದಲು ಹೊರಗೆ ಎಳೆದು ತನ್ನಿ, ಚೇಂಬರ್ ಹುಡುಕುತ್ತ ಕೂರದೆ ಹತ್ತಿರದ ಆಸ್ಪತ್ರೆಯಲ್ಲಿ ಮಾಸ್ಕ್ ಹಾಕಿಸಿ. ಅಲ್ಲಿ ಆಕ್ಸಿಮೀಟರ್ 98 ತೋರಿಸಿದರೂ ನಂಬಬೇಡಿ. ಸಾಮಾನ್ಯ ಆಕ್ಸಿಮೀಟರಿಗೆ ಆ ವಿಷವೂ ಆಕ್ಸಿಜನ್ನಿನಂತೆಯೇ ಕಾಣುತ್ತದೆ. ಗ್ಯಾಸ್ ಗೀಸರ್ ಉರಿಯುತ್ತಿತ್ತು ಎಂದು ಡಾಕ್ಟರಿಗೆ ಮೊದಲ ಮಾತಿನಲ್ಲೇ ಹೇಳಿ, ರಕ್ತಪರೀಕ್ಷೆ ಮಾಡಿಸುತ್ತಾರೆ.